ಬೋಟಿನ ಸ್ಟೇರಿಂಗ್ ಬಿಗಿಯಾಗಿದೆಯಾ? ಕೇಬಲ್ ತೆಗೆದು ಹೈಡ್ರಾಲಿಕ್ ಹಾಕಿಸುವ ಮೊದಲು ಇದನ್ನು ಓದಿ

ಕರಾವಳಿ: ಮಲ್ಪೆ, ಕೋಡಿಬೆಂಗ್ರೆ, ಗಂಗೊಳ್ಳಿ, ಹೊನ್ನಾವರ, ಕಾರವಾರ ಕಡೆ ಚಕ್ರ ಇರುವ ಸಣ್ಣ ಫೈಬರ್ ಬೋಟುಗಳಿಗೆ ಬರುವ ಸಾಮಾನ್ಯ ಕಾಯಿಲೆ ಅಂದ್ರೆ ಸ್ಟೇರಿಂಗ್ ಬಿಗಿಯಾಗುವುದು. ಮೊದಲು ಒಂದು ಕಡೆಗೆ ಮಾತ್ರ ಬಿಗಿ, ಆಮೇಲೆ ಎರಡೂ ಕಡೆಗೆ. ಕೊನೆಗೊಂದು ದಿನ ಚಕ್ರ ತಿರುಗುವುದೇ ಇಲ್ಲ. ಹೊಳೆಯಲ್ಲಿ ಹೀಗಾದ್ರೆ ಹುಟ್ಟು ಹಾಕಿ ದಡ ಸೇರಬಹುದು. ಅಳಿವೆಯಲ್ಲಿ ಆದ್ರೆ ಕಥೆ ಬೇರೆ. ಹಿಂದಿನಿಂದ ಬರುವ ಅಲೆ ಬೋಟನ್ನು ಅಡ್ಡ ತಿರುಗಿಸುತ್ತದೆ, ಅಡ್ಡ ನಿಂತ ಬೋಟಿಗೆ ಮುಂದಿನ ಅಲೆ ಸಾಕು. ಒಳಗೆ ಜನ ಕೂತಿದ್ದರೆ ಅದು ಜೀವದ ಪ್ರಶ್ನೆ.

ಇದಕ್ಕೆ ಹಲವರು ಹೇಳುವ ಪರಿಹಾರ 'ಹೈಡ್ರಾಲಿಕ್ ಹಾಕ್ಸಿ ಬಿಡಿ' ಅಂತ. ಹೈಡ್ರಾಲಿಕ್ ಒಳ್ಳೆಯದೇ. ಆದ್ರೆ ಎಲ್ಲ ಬೋಟಿಗೂ ಬೇಕಾಗಿಲ್ಲ. ಬಿಗಿ ಎಲ್ಲಿದೆ ಅಂತ ನೋಡದೆ ಹಾಕಿಸಿದ್ರೆ ದುಡ್ಡೂ ಹೋಗುತ್ತೆ, ರೋಗವೂ ಒಳಗೇ ಉಳಿಯುತ್ತೆ. ಕೈಯಲ್ಲಿ ಹಿಡಿಕೆ ಹಿಡಿದು ಇಂಜಿನ್ನೇ ತಿರುಗಿಸುವ ನಾಡದೋಣಿಗಳಿಗೆ ಈ ವಿಷಯ ಅನ್ವಯಿಸುವುದಿಲ್ಲ. ಇದು ಮುಂದೆ ಚಕ್ರ, ಹಿಂದೆ ಔಟ್‌ಬೋರ್ಡ್ ಇಂಜಿನ್ ಇರುವ ಬೋಟುಗಳ ಮಾತು.

ಕೇಬಲ್ ಸ್ಟೇರಿಂಗ್ ಹೇಗೆ ಕೆಲಸ ಮಾಡುತ್ತದೆ?

ಚಕ್ರದ ಹಿಂದೆ ಒಂದು ಗೇರ್ ಪೆಟ್ಟಿಗೆ. ಅದರಿಂದ ದಪ್ಪನೆಯ ಒಂದು ಕೇಬಲ್ ಬೋಟಿನ ಬದಿಯಲ್ಲಿ ಹಿಂದಕ್ಕೆ ಹೋಗುತ್ತದೆ. ಚಕ್ರ ತಿರುಗಿಸಿದಂತೆ ಒಳಗಿನ ತಂತಿ ಮುಂದೆ ಹಿಂದೆ ಸರಿಯುತ್ತದೆ. ಕೇಬಲ್ಲಿನ ತುದಿಯಲ್ಲಿ ಸ್ಟೀಲ್ ರಾಡ್ ಇದೆ. ಅದು ಇಂಜಿನ್ನಿನ ಟಿಲ್ಟ್ ಟ್ಯೂಬ್ ಒಳಗಿಂದ ಹಾದು ಇನ್ನೊಂದು ಕಡೆ ಹೊರಗೆ ಬರುತ್ತದೆ. ಅಲ್ಲಿಂದ ಒಂದು ಲಿಂಕ್ ರಾಡ್ ಇಂಜಿನ್ನನ್ನು ಎಳೆಯುತ್ತದೆ, ತಳ್ಳುತ್ತದೆ.

ಉಪ್ಪುನೀರಿನಲ್ಲಿ ತೊಂದರೆ ಶುರುವಾಗುವುದು ಹೆಚ್ಚಾಗಿ ಈ ಟಿಲ್ಟ್ ಟ್ಯೂಬಿನಲ್ಲೇ. ಹಳೇ ಗ್ರೀಸ್ ಒಣಗಿ ಗಟ್ಟಿಯಾಗುತ್ತದೆ, ಅದರ ಮೇಲೆ ಉಪ್ಪು, ತುಕ್ಕು ಕೂರುತ್ತದೆ. ಮಳೆಗಾಲ ಪೂರ್ತಿ ಬೋಟು ದಡದಲ್ಲಿ ಮಲಗಿದ್ರೆ ರಾಡು ಅಲ್ಲೇ ಹಿಡಿದುಕೊಳ್ಳುತ್ತದೆ.

ಮೊದಲು ಬಿಗಿ ಎಲ್ಲಿದೆ ನೋಡಿ

ಇದಕ್ಕೆ ದೊಡ್ಡ ವರ್ಕ್‌ಶಾಪ್ ಬೇಡ. ಇಂಜಿನ್ ಬಂದ್ ಮಾಡಿ, ಇಂಜಿನ್ನಿಗೂ ಕೇಬಲ್ ರಾಡಿಗೂ ಇರುವ ಲಿಂಕ್ ರಾಡ್ ಬಿಚ್ಚಬೇಕು. ಆಮೇಲೆ ಒಂದೊಂದಾಗಿ ನೋಡುತ್ತಾ ಹೋಗುವುದು.

1. ಇಂಜಿನ್ನನ್ನು ಕೈಯಲ್ಲೇ ಎಡಕ್ಕೆ ಬಲಕ್ಕೆ ತಿರುಗಿಸಿ. ಅದೇ ಬಿಗಿಯಾಗಿದ್ದರೆ ತಪ್ಪು ಕೇಬಲ್ಲಿನದಲ್ಲ, ಇಂಜಿನ್ ತಿರುಗುವ ಬ್ರಾಕೆಟ್ಟಿನದು. ಅಲ್ಲಿನ ನಿಪ್ಪಲ್‌ಗೆ ಹೊಸ ಗ್ರೀಸ್ ಹೊಡೆದು, ಹಳೆಯದು ಹೊರಗೆ ಬರುವವರೆಗೆ ಆಡಿಸಬೇಕು.

2. ಇಂಜಿನ್ ಸಲೀಸಾಗಿ ತಿರುಗಿದರೆ ಈಗ ಚಕ್ರ ತಿರುಗಿಸಿ. ಬಿಗಿ ಹಾಗೇ ಇದ್ದರೆ ತೊಂದರೆ ಟ್ಯೂಬಿನಲ್ಲಿ, ಕೇಬಲ್ಲಿನಲ್ಲಿ ಅಥವಾ ಗೇರ್ ಪೆಟ್ಟಿಗೆಯಲ್ಲಿ.

3. ಟ್ಯೂಬಿನ ತುದಿಯ ದೊಡ್ಡ ನಟ್ಟು ಬಿಚ್ಚಿ ರಾಡ್ ಹೊರಗೆ ತೆಗೆದು ಮತ್ತೆ ಚಕ್ರ ತಿರುಗಿಸಿ. ಈಗ ಸಲೀಸಾದರೆ ಟ್ಯೂಬ್ ಉಜ್ಜಿ ಸ್ವಚ್ಛ ಮಾಡಿ ಮರೀನ್ ಗ್ರೀಸ್ ಹಚ್ಚಿದರೆ ಆಯ್ತು. ಆಗಲೂ ಬಿಗಿ ಇದ್ದರೆ ಕೇಬಲ್ ಒಳಗೇ ತುಕ್ಕು ಹಿಡಿದಿದೆ, ಇಲ್ಲವೇ ಗೇರ್ ಪೆಟ್ಟಿಗೆ ಸವೆದಿದೆ.

ಕೇಬಲ್ ಒಳಗೆ ತುಕ್ಕು ಬಂದರೆ ಎಣ್ಣೆ ಬಿಟ್ಟು ಸರಿ ಮಾಡಲಾಗದು. ಸ್ವಲ್ಪ ದಿನ ಸರಿ ಹೋದಂತೆ ಕಾಣುತ್ತದೆ, ಮತ್ತೆ ಹಿಡಿಯುತ್ತದೆ. ಕೇಬಲ್ಲನ್ನೇ ಬದಲಿಸಬೇಕು.

ಗ್ರೀಸ್ ಹೊಡೆಯುವಾಗಲೂ ಒಂದು ಎಚ್ಚರಿಕೆ. ಟಿಲ್ಟ್ ಟ್ಯೂಬಿಗೆ ಗ್ರೀಸ್ ಹೊಡೆಯುವ ಮೊದಲು ರಾಡನ್ನು ಪೂರ್ತಿ ಒಳಕ್ಕೆ ಎಳೆದುಕೊಂಡಿರಬೇಕು. ರಾಡ್ ಹೊರಗೆ ಚಾಚಿದ್ದಾಗ ಗ್ರೀಸ್ ತುಂಬಿದರೆ ಒಳಗೆ ಒತ್ತಡ ಸಿಕ್ಕಿಕೊಂಡು ಸ್ಟೇರಿಂಗ್ ಲಾಕ್ ಆಗುವ ಅಪಾಯ ಇದೆ.

ಚಕ್ರ ಒಂದೇ ಕಡೆಗೆ ಎಳೆಯುತ್ತಿದ್ದರೆ ಅದು ಬಿಗಿಯ ಸಮಸ್ಯೆಯೇ ಅಲ್ಲದಿರಬಹುದು. ಫ್ಯಾನ್ ತಿರುಗುವ ಬಲದಿಂದ ಹಾಗಾಗುತ್ತದೆ. ಹೆಚ್ಚಿನ ಇಂಜಿನ್‌ಗಳಲ್ಲಿ ಫ್ಯಾನಿನ ಮೇಲ್ಭಾಗದಲ್ಲಿ ಸಣ್ಣ ರೆಕ್ಕೆಯಂಥ ಟ್ರಿಮ್ ಟ್ಯಾಬ್ ಇರುತ್ತದೆ. ಬೋಟು ಯಾವ ಕಡೆಗೆ ಎಳೆಯುತ್ತದೋ ಅದರ ಹಿಂದಿನ ತುದಿಯನ್ನು ಅದೇ ಕಡೆಗೆ ಸ್ವಲ್ಪ ತಿರುಗಿಸಿ ಬಿಗಿ ಮಾಡಿದರೆ ಎಳೆತ ಕಡಿಮೆಯಾಗುತ್ತದೆ.

ಹೈಡ್ರಾಲಿಕ್ ಅಂದ್ರೆ ಏನು?

ಕಾರಿನ ಪವರ್ ಸ್ಟೇರಿಂಗ್ ತರಹ ಅಂದುಕೊಂಡರೆ ತಪ್ಪು. ಸಣ್ಣ ಬೋಟಿನ ಹೈಡ್ರಾಲಿಕ್ ಸ್ಟೇರಿಂಗಿಗೆ ಕರೆಂಟೂ ಬೇಡ, ಇಂಜಿನ್ನಿನ ಬಲವೂ ಬೇಡ. ಬಲ ಕೈಯದ್ದೇ. ಚಕ್ರದ ಹಿಂದೆ ಒಂದು ಸಣ್ಣ ಪಂಪ್ ಇದೆ. ಬಲಕ್ಕೆ ತಿರುಗಿಸಿದ್ರೆ ಆಯಿಲ್ ಒಂದು ಪೈಪಿನಲ್ಲಿ ಹೋಗಿ ಇಂಜಿನ್ ಹತ್ತಿರದ ಸಿಲಿಂಡರನ್ನು ಒಂದು ಕಡೆ ತಳ್ಳುತ್ತದೆ. ಅಷ್ಟೇ ಆಯಿಲ್ ಇನ್ನೊಂದು ಪೈಪಿನಲ್ಲಿ ವಾಪಸ್ ಪಂಪಿಗೆ ಬರುತ್ತದೆ. ಎಡಕ್ಕೆ ತಿರುಗಿಸಿದ್ರೆ ಇದೇ ಉಲ್ಟಾ.

ದೊಡ್ಡ ಲಾಭ ಪಂಪಿನೊಳಗಿನ ವಾಲ್ವಿನದು. ಚಕ್ರ ನಿಂತ ಕೂಡಲೇ ಅದು ಆಯಿಲನ್ನು ತಡೆದು ಹಿಡಿಯುತ್ತದೆ. ಹಾಗಾಗಿ ಅಲೆ ಹೊಡೆದರೂ ಫ್ಯಾನಿನ ಎಳೆತ ಕೈಗೆ ಬರುವುದಿಲ್ಲ. ದಿನಕ್ಕೆ ಹತ್ತಾರು ಟ್ರಿಪ್ ಓಡಿಸುವವರ ತೋಳಿಗೆ ಇದರ ಬೆಲೆ ಗೊತ್ತಾಗುತ್ತದೆ.

ಎರಡು ವ್ಯತ್ಯಾಸ ಮೊದಲೇ ತಿಳಿದಿರಬೇಕು. ಒಂದು, ಚಕ್ರ ಹೆಚ್ಚು ಸುತ್ತು ತಿರುಗಿಸಬೇಕಾಗಬಹುದು. ಲೆಕ್ಕ ಸುಲಭ: ಸಿಲಿಂಡರಿಗೆ ಹಿಡಿಯುವ ಆಯಿಲನ್ನು ಪಂಪ್ ಒಂದು ಸುತ್ತಿಗೆ ಕೊಡುವ ಆಯಿಲಿನಿಂದ ಭಾಗಿಸುವುದು. ಸಿಲಿಂಡರ್ 140 ಸಿಸಿ, ಪಂಪ್ ಸುತ್ತಿಗೆ 28 ಸಿಸಿ ಆದ್ರೆ ಎಡದ ತುದಿಯಿಂದ ಬಲದ ತುದಿಗೆ 5 ಸುತ್ತು. ಕೇಬಲ್‌ನಲ್ಲಿ ಇದು ಹೆಚ್ಚಾಗಿ 3ರಿಂದ 4 ಸುತ್ತು. ಎರಡು, ಚಕ್ರಕ್ಕೆ ಖಾಯಂ 'ನೇರ' ಅನ್ನುವ ಜಾಗ ಇರುವುದಿಲ್ಲ. ಚಕ್ರದ ಕಡ್ಡಿ ನೋಡಿ ಇಂಜಿನ್ ನೇರ ಇದೆ ಅಂತ ಹೇಳಲು ಬಾರದು. ಅಭ್ಯಾಸ ಆಗುವವರೆಗೆ ಜನ ಹತ್ತಿಸಿಕೊಂಡು ಅಳಿವೆ ದಾಟದಿರುವುದೇ ಸರಿ.

ಯಾರಿಗೆ ಬೇಕು, ಯಾರಿಗೆ ಬೇಡ?

ಹೈಡ್ರಾಲಿಕ್ ಕಿಟ್ಟಿನ ಬೆಲೆ ಒಂದು ಕೇಬಲ್ಲಿನ ಬೆಲೆಯ ಹಲವು ಪಟ್ಟು. ಹಾಗಾಗಿ ಲೆಕ್ಕ ಹಾಕಿಯೇ ಇಳಿಯಬೇಕು.

* 40 ಎಚ್‌ಪಿ ಒಳಗಿನ ಒಂಟಿ ಇಂಜಿನ್, ಹೊಳೆ ಮತ್ತು ಹಿನ್ನೀರಿನಲ್ಲಿ ನಿಧಾನ ಓಡಾಟ: ಒಳ್ಳೇ ಕೇಬಲ್, ವರ್ಷಾ ವರ್ಷ ಗ್ರೀಸ್ ಸಾಕು.
* ಮಧ್ಯಮ ಇಂಜಿನ್, ಕೈಗೆ ಎಳೆತ ಬರುತ್ತದೆ ಅನ್ನುವುದಷ್ಟೇ ದೂರು: 'ನೋ ಫೀಡ್‌ಬ್ಯಾಕ್' ಅನ್ನುವ ಗೇರ್ ಪೆಟ್ಟಿಗೆ ಕೇಬಲ್‌ನಲ್ಲೇ ಸಿಗುತ್ತದೆ. ಎಳೆತ ತಡೆಯುತ್ತದೆ, ಖರ್ಚೂ ಕಡಿಮೆ.
* 75-90 ಎಚ್‌ಪಿ ದಾಟಿದ ಇಂಜಿನ್, ಸಮುದ್ರದಲ್ಲಿ ವೇಗದ ಓಡಾಟ, ದಿನಾ ಬಾಡಿಗೆ: ಹೈಡ್ರಾಲಿಕ್ ಹಾಕಿಸಿದರೆ ಸಾರ್ಥಕ.

ಇಂಜಿನ್ ಬ್ರಾಕೆಟ್ಟೇ ಬಿಗಿ ಇರುವ ಬೋಟಿಗೆ ಹೈಡ್ರಾಲಿಕ್ ಹಾಕಿದ್ರೆ ಸಿಲಿಂಡರ್ ತನ್ನ ಒತ್ತಡದಲ್ಲಿ ಅದನ್ನು ತಳ್ಳಿಕೊಂಡು ಹೋಗುತ್ತದೆ. ಚಾಲಕನಿಗೆ ಗೊತ್ತೇ ಆಗುವುದಿಲ್ಲ. ಒಳಗೆ ಬ್ರಾಕೆಟ್ ಸವೆಯುತ್ತಲೇ ಇರುತ್ತದೆ. ಅದಕ್ಕೇ ಮೇಲಿನ ಪರೀಕ್ಷೆ ಮೊದಲು.

ಕಿಟ್ ತರುವ ಮುನ್ನ ಬರೆದುಕೊಳ್ಳಬೇಕಾದ್ದು

ಸೀಸ್ಟಾರ್ (ಈಗ ಡೊಮೆಟಿಕ್ ಕಂಪನಿಯದ್ದು), ಇಟಲಿಯ ಅಲ್ಟ್ರಾಫ್ಲೆಕ್ಸ್ ಈ ಕ್ಷೇತ್ರದ ಹಳೇ ಹೆಸರುಗಳು. ಯಾವುದೇ ಕಂಪನಿಯದ್ದಾದರೂ ಅಂಗಡಿಗೆ ಈ ವಿವರ ಬೇಕೇ ಬೇಕು:

* ಇಂಜಿನ್ನಿನ ಕಂಪನಿ, ಮಾಡೆಲ್, ವರ್ಷ, ಎಚ್‌ಪಿ. 150 ಎಚ್‌ಪಿವರೆಗಿನ ಕಿಟ್ ಬೇರೆ, ಅದಕ್ಕಿಂತ ಮೇಲಿನದ್ದು ಬೇರೆ.
* ಒಂದು ಇಂಜಿನ್ನೋ ಎರಡೋ. ಎರಡಾದರೆ ಎರಡನ್ನೂ ಸೇರಿಸುವ ಟೈ ಬಾರ್ ಬೇಕು.
* ಇಂಜಿನ್ ಪೂರ್ತಿ ಮೇಲೆತ್ತಿದಾಗ ಮುಂಭಾಗದಲ್ಲಿ ಸಿಲಿಂಡರಿಗೆ ಜಾಗ ಇದೆಯೇ.
* ಚಕ್ರದ ಹಿಂದೆ ಪಂಪ್ ಕೂರುವಷ್ಟು ಆಳ ಇದೆಯೇ.
* ಪಂಪಿನಿಂದ ಇಂಜಿನ್‌ವರೆಗೆ ಪೈಪ್ ಹೋಗುವ ದಾರಿಯ ಪೂರ್ತಿ ಅಳತೆ, ಇಂಜಿನ್ ಆಡಲು ಬಿಡುವ ಸಡಿಲವೂ ಸೇರಿ.

ಚಕ್ರದ ಶಾಫ್ಟ್ ಸಾಮಾನ್ಯವಾಗಿ ಮುಕ್ಕಾಲು ಇಂಚಿನ ಟೇಪರ್. ಆದ್ದರಿಂದ ಹಳೇ ಚಕ್ರವನ್ನೇ ಹೆಚ್ಚಾಗಿ ಹಾಕಬಹುದು.

ಕೂರಿಸುವಾಗ ತಪ್ಪುವುದೆಲ್ಲಿ?

ಇಂಜಿನ್ ಮುಂದೆ ಕೂರುವ ಸಿಲಿಂಡರಿನ ರಾಡ್ ಕೂಡ ಅದೇ ಟಿಲ್ಟ್ ಟ್ಯೂಬಿನೊಳಗೆ ಹೋಗಬೇಕು. ಹಾಗಾಗಿ ಹಿಡಿದುಕೊಂಡ ಹಳೇ ಕೇಬಲ್ ಹೇಗಿದ್ದರೂ ತೆಗೆಯಲೇಬೇಕು, ಟ್ಯೂಬ್ ಉಜ್ಜಲೇಬೇಕು. ಸುತ್ತಿಗೆಯಲ್ಲಿ ಬಡಿದು ಟ್ಯೂಬಿನ ಬಾಯಿ ಹಾಳು ಮಾಡಿಕೊಂಡರೆ ಕೆಲಸ ಎರಡಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದೆರಡು ದಿನ ಕಾಯುವುದು ಮೇಲು.

ಪೈಪಿನ ಜೋಡಣೆಗೆ ಟೆಫ್ಲಾನ್ ಟೇಪ್ ಸುತ್ತಬಾರದು. ಟೇಪಿನ ಚೂರು ಒಳಗೆ ಹೋಗಿ ವಾಲ್ವಿನಲ್ಲಿ ಸಿಕ್ಕಿದರೆ ಸ್ಟೇರಿಂಗ್ ನಿಲ್ಲುವುದಿಲ್ಲ, ಜಾರುತ್ತದೆ. ಕಂಪನಿ ಹೇಳಿದ ಸೀಲೆಂಟ್ ಮಾತ್ರ. ಪೈಪ್ ಹಲಗೆ ದಾಟುವಲ್ಲಿ ರಬ್ಬರ್ ಬಳೆ ಹಾಕಬೇಕು. ಇಲ್ಲಾಂದ್ರೆ ಫೈಬರಿನ ಅಂಚೇ ಪೈಪನ್ನು ಕೊಯ್ಯುತ್ತದೆ. ಕಿಟ್ಟಿನ ಜೊತೆ ಬಂದ ಲಾಕ್ ನಟ್ಟಿನ ಬದಲು ಸಾದಾ ನಟ್ಟು ಹಾಕುವುದಂತೂ ಬೇಡವೇ ಬೇಡ. ಇಂಜಿನ್ನಿನ ನಡುಕಕ್ಕೆ ಸಾದಾ ನಟ್ಟು ಬಿಚ್ಚಿಕೊಳ್ಳುತ್ತದೆ.

ಗಾಳಿ ತೆಗೆಯುವುದೇ ಅರ್ಧ ಕೆಲಸ

ಒಳಗೆ ಗಾಳಿ ಉಳಿದರೆ ಚಕ್ರ ಸ್ಪಂಜಿನಂತೆ ಮೆತ್ತಗೆ ಆಗುತ್ತದೆ. ಆಯಿಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಅದಕ್ಕೆ ಈ ತೊಂದರೆ. ಇದಕ್ಕೆ ಇಬ್ಬರು ಬೇಕು, ಒಬ್ಬರು ಚಕ್ರದ ಹತ್ತಿರ, ಇನ್ನೊಬ್ಬರು ಸಿಲಿಂಡರಿನ ಹತ್ತಿರ.

ಆಯಿಲ್ ಬಾಟಲಿಯನ್ನು ಟ್ಯೂಬ್ ಮೂಲಕ ಪಂಪಿನ ಬಾಯಿಗೆ ತಲೆಕೆಳಗಾಗಿ ಸಿಕ್ಕಿಸಿ, ಬಾಟಲಿಯ ತಳಕ್ಕೆ ಸಣ್ಣ ತೂತು ಮಾಡುತ್ತಾರೆ. ಆಮೇಲೆ ಒಂದು ಕಡೆಯ ನಿಪ್ಪಲ್ ಬಿಚ್ಚಿ ಚಕ್ರ ತಿರುಗಿಸುತ್ತಾ, ಗುಳ್ಳೆ ಇಲ್ಲದೆ ಬರೀ ಆಯಿಲ್ ಬರುವವರೆಗೆ ಬಿಟ್ಟು ಮುಚ್ಚುತ್ತಾರೆ. ಮತ್ತೆ ಇನ್ನೊಂದು ಕಡೆ. ಯಾವ ನಿಪ್ಪಲ್ ಯಾವಾಗ ಅನ್ನುವುದು ಕಿಟ್ಟಿನ ಪುಸ್ತಕದಲ್ಲಿ ಇರುತ್ತದೆ, ಅದರಂತೆಯೇ ಮಾಡಬೇಕು. ಇಡೀ ಕೆಲಸದಲ್ಲಿ ಬಾಟಲಿ ಖಾಲಿಯಾಗಲು ಬಿಡಬಾರದು. ಖಾಲಿಯಾದರೆ ಮತ್ತೆ ಗಾಳಿ, ಮತ್ತೆ ಮೊದಲಿಂದ. ಒಂದು ಪಂಪ್, ಒಂದು ಸಿಲಿಂಡರಿಗೆ ಸುಮಾರು 2 ಲೀಟರ್ ಆಯಿಲ್ ತಂದಿಟ್ಟುಕೊಂಡರೆ ಸಾಕು.

ಮುಗಿದ ಮೇಲೆ ಪರೀಕ್ಷೆ: ಚಕ್ರವನ್ನು ಒಂದು ತುದಿಗೆ ತಂದು ಇನ್ನೂ ಒತ್ತಿ ತಿರುಗಿಸಿ. ಪಂಪಿನ ಬಾಯಲ್ಲಿ ಆಯಿಲ್ ಕೆಳಗಿಳಿದರೆ ಗಾಳಿ ಇನ್ನೂ ಇದೆ ಅಂತ ಅರ್ಥ. ಒತ್ತಿ ಹಿಡಿದಿರುವಾಗಲೇ ಪ್ರತಿ ಜೋಡಣೆಗೂ ಒಣ ಬಟ್ಟೆ ಒತ್ತಿ ಲೀಕ್ ನೋಡಬೇಕು. ಇಂಜಿನ್ ಇಳಿಸಿ, ಎತ್ತಿ ಎರಡೂ ಸ್ಥಿತಿಯಲ್ಲಿ ಪೂರ್ತಿ ತಿರುಗಿಸಿ ಪೈಪ್ ಎಲ್ಲೂ ಸಿಕ್ಕುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಮೊದಲ ಓಡಾಟ ಖಾಲಿ ಬೋಟಿನಲ್ಲಿ, ಹೊಳೆಯಲ್ಲಿ, ನಿಧಾನಕ್ಕೆ. ವಾಪಸ್ ಬಂದು ನಟ್ಟು ಬೋಲ್ಟ್ ಮತ್ತೆ ನೋಡಬೇಕು.

ಅಂಗಡಿಯವರ ಗಮನಕ್ಕೆ

ಸ್ಟೇರಿಂಗ್ ಆಯಿಲ್ ಕೇಳಿ ಬಂದವರಿಗೆ ಬ್ರೇಕ್ ಆಯಿಲ್ ಕೊಡಬೇಡಿ. ಅದು ಒಳಗಿನ ರಬ್ಬರ್ ಸೀಲುಗಳನ್ನು ಹಾಳು ಮಾಡುತ್ತದೆ. ಗೇರ್ ಆಯಿಲ್, ಕಾರಿನ ಎಟಿಎಫ್ ಕೂಡ ಆಗದು. ಸ್ಟೇರಿಂಗ್ ಕಂಪನಿ ಹೇಳಿದ ತೆಳು ಹೈಡ್ರಾಲಿಕ್ ಆಯಿಲ್ಲೇ ಬೇಕು. ಅದರ ಜೊತೆ ಮರೀನ್ ಗ್ರೀಸ್, ಸ್ಟೇನ್‌ಲೆಸ್ ಲಾಕ್ ನಟ್ಟು, ಸಿಲಿಂಡರ್ ಸೀಲ್ ಕಿಟ್ ಇಟ್ಟುಕೊಂಡರೆ ಬಂದರು ಪಕ್ಕದ ಹಾರ್ಡ್‌ವೇರ್ ಅಂಗಡಿಗೆ ಸೀಸನ್‌ನಲ್ಲಿ ಗಿರಾಕಿ ತಪ್ಪದು.

ಹಾಕಿಸಿದ ಮೇಲೆ ಮರೆಯುವಂತಿಲ್ಲ

* ವಾರಕ್ಕೊಮ್ಮೆ ಆಯಿಲ್ ಮಟ್ಟ ನೋಡುವುದು.
* ದಿನದ ಕೆಲಸ ಮುಗಿದ ಮೇಲೆ ಸಿಲಿಂಡರ್ ರಾಡನ್ನು ಸಿಹಿನೀರಲ್ಲಿ ತೊಳೆದು ಒರೆಸುವುದು. ರಾಡಿನ ಮೇಲೆ ಗೀರು, ಗುಳಿ ಬಿದ್ದರೆ ಅದೇ ಸೀಲನ್ನು ಕೊಯ್ಯುತ್ತದೆ.
* ಚಕ್ರದ ಬುಡದಲ್ಲಿ ಆಯಿಲ್ ಕಂಡರೆ ಪಂಪಿನ ಸೀಲ್, ರಾಡಿನ ತುದಿಯಲ್ಲಿ ಕಂಡರೆ ಸಿಲಿಂಡರಿನ ಸೀಲ್.
* ಚಕ್ರ ಹಿಡಿದಿದ್ದರೂ ಬೋಟು ನಿಧಾನಕ್ಕೆ ಬೇರೆ ಕಡೆ ಹೋಗುತ್ತಿದ್ದರೆ ವಾಲ್ವಿನಲ್ಲಿ ಕಸ ಅಥವಾ ಒಳಗಿನ ಲೀಕ್.
* ಬೋಟಿನಲ್ಲಿ ಯಾವಾಗಲೂ ಒಂದು ಬಾಟಲಿ ಆಯಿಲ್, ತುಂಬುವ ಟ್ಯೂಬ್, ಎರಡು ಹುಟ್ಟು, ಹಗ್ಗ ಸಮೇತ ಲಂಗರು.

ಕೇಬಲ್ ಹಾಳಾಗುವಾಗ ಬಿಗಿಯಾಗಿ ಮುನ್ಸೂಚನೆ ಕೊಡುತ್ತದೆ. ಹೈಡ್ರಾಲಿಕ್ ಪೈಪ್ ಒಡೆದರೆ ಒಂದೇ ಸಲಕ್ಕೆ ಚಕ್ರ ಖಾಲಿ ತಿರುಗುತ್ತದೆ. ಹೀಗಾದಾಗ ವೇಗ ತಕ್ಷಣ ಇಳಿಸಿ, ಲಂಗರು ಹಾಕಿ ಬೋಟಿನ ಮೂತಿ ಅಲೆಗೆ ಎದುರಾಗಿ ನಿಲ್ಲುವಂತೆ ನೋಡಿಕೊಳ್ಳುವುದು ಮೊದಲ ಕೆಲಸ. ಚಾಲಕ ಬಿದ್ದರೆ ಇಂಜಿನ್ ನಿಲ್ಲಿಸುವ ಕೆಂಪು ಹಗ್ಗ ಮೈಗೆ ಕಟ್ಟಿಕೊಂಡಿರಬೇಕು. ಯಾವ ಸ್ಟೇರಿಂಗ್ ಇದ್ದರೂ ಇದು ತಪ್ಪುವಂತಿಲ್ಲ.

ಯಾವಾಗ ಮಾಡಿಸುವುದು?

ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಪ್ರವಾಸಿ ಬೋಟುಗಳೂ ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯುವುದಿಲ್ಲ. ಈ ಕೆಲಸಕ್ಕೆ ಅದೇ ಸಮಯ. ಬಿಡಿಭಾಗ ಹೊರಗಿನಿಂದ ಬರಬೇಕಾದರೆ ಮೇ ತಿಂಗಳಲ್ಲೇ ಹೇಳಿಟ್ಟಿರಬೇಕು. ಇಲ್ಲಾಂದ್ರೆ ಸೀಸನ್ ಶುರುವಾದರೂ ಬೋಟು ದಡದಲ್ಲೇ.

ಜನರನ್ನು ಕೂರಿಸಿ ಬಾಡಿಗೆಗೆ ಓಡಿಸುವ ಬೋಟುಗಳಿಗೆ ನೋಂದಣಿ, ಸರ್ವೆ ಇದೆ. ಒಳನಾಡು ನೀರಿನಲ್ಲಿ ಓಡುವ ಬೋಟುಗಳಿಗೆ 1917ರ ಹಳೇ ಕಾಯ್ದೆಯ ಜಾಗಕ್ಕೆ ಈಗ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ಅಂಥ ಬೋಟಿನ ಸ್ಟೇರಿಂಗ್ ಬದಲಿಸುವ ಮೊದಲು ಹತ್ತಿರದ ಬಂದರು ಕಚೇರಿಯಲ್ಲಿ ವಿಚಾರಿಸಿ, ಮುಗಿದ ಮೇಲೆ ಬಿಲ್ಲು, ಕಿಟ್ಟಿನ ಪುಸ್ತಕ ಎರಡನ್ನೂ ಬೋಟಿನ ದಾಖಲೆಯ ಜೊತೆ ಇಟ್ಟುಕೊಳ್ಳುವುದು ಒಳ್ಳೆಯದು.