ಕಾಯಬಲ್ಲವರ ಸಂಪತ್ತು: ಆಳಂದ, ಅಫಜಲಪುರ, ಜೇವರ್ಗಿಯ ತೊಗರಿ ಆರ್ಥಿಕತೆ

ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆಯಿತು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅತ್ಯಂತ ಹಿಂದುಳಿದ 39ರ ಪಟ್ಟಿಗೆ ಸೇರಿದವು. ಆದರೆ ಇಲ್ಲಿನ ನೆಲ ಬಡ ನೆಲವಲ್ಲ. ಎರೆಭೂಮಿಯಲ್ಲಿ ಬೆಳೆಯುವ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ಹೊಲ ಫಲ ಕೊಟ್ಟರೂ ಸಂಪತ್ತು ಊರಲ್ಲಿ ಏಕೆ ನಿಲ್ಲುವುದಿಲ್ಲ?

ಉತ್ತರ ಹುಡುಕಲು ರಾಶಿಯ ದಿನಗಳನ್ನು ನೋಡಬೇಕು. ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್-ಜನವರಿಯಲ್ಲಿ ಕಣಕ್ಕೆ ಬರುತ್ತದೆ. ಅಡತಿ ಅಂಗಡಿಯಿಂದ ಮುಂಗಡ ಪಡೆದವನು ಮಾಲನ್ನು ಅದೇ ಅಂಗಡಿಗೆ ಹಾಕಬೇಕು. ತೂಕವಾದ ಮೇಲೆ ಅಸಲು, ಬಡ್ಡಿ, ಹಮಾಲಿ ಮುರಿದುಕೊಂಡು ಉಳಿದದ್ದಷ್ಟೇ ಕೈಗೆ. ಎಲ್ಲರ ರಾಶಿಯೂ ಒಮ್ಮೆಗೇ ಬರುವುದರಿಂದ ಆಗ ದರ ಕುಗ್ಗಿರುವುದೇ ಹೆಚ್ಚು. ಸಾಲವಿಲ್ಲದವನು, ಮನೆಯಲ್ಲಿ ಸಂಬಳ ಬರುವವನು ಯುಗಾದಿ ದಾಟುವ ತನಕ ಚೀಲ ಕಟ್ಟಿಡುತ್ತಾನೆ. ಪಾಲಿಗೆ ಮಾಡಿದವನಿಗೆ ಆ ಅನುಕೂಲವಿಲ್ಲ. ಕೂಲಿಯವರಿಗಂತೂ ರಾಶಿ ಮುಗಿದರೆ ಪುಣೆ, ಮುಂಬೈ, ಬೆಂಗಳೂರಿನ ಗುಳೆ. ಇಲ್ಲಿ ಸಂಪತ್ತೆಂದರೆ ಮೊದಲಿಗೆ ಕಾಯುವ ಶಕ್ತಿ ಎಂಬುದು ಈ ಲೇಖನದ ವಾದ.

ಆ ಶಕ್ತಿ ಯಾರಿಗೆ ಒದಗಿತು ಎಂಬುದನ್ನು ಬೆಲೆಯ ಲೆಕ್ಕ ಹೇಳದು, ಇತಿಹಾಸ ಹೇಳುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಆಳಂದ, ಅಫಜಲಪುರ ಪಾಯಗಾ ಎಂಬ ಶ್ರೀಮಂತ ಮನೆತನಗಳ ಜಹಗೀರುಗಳಾಗಿದ್ದವು. ಜಹಗೀರುಗಳು 1949ರಲ್ಲಿ ರದ್ದಾದವು; 1950ರಲ್ಲಿ ಹೈದರಾಬಾದ್ ಗೇಣಿ ಕಾಯ್ದೆ ಬಂತು, 1974ರಲ್ಲಿ ಕರ್ನಾಟಕದ ಭೂಸುಧಾರಣೆ. ಗೇಣಿದಾರನೆಂದು ರುಜುವಾತು ಮಾಡಬಲ್ಲವನಿಗೆ ಹೊಲ ದಕ್ಕಿತು. ಬೇರೆಯವರ ಹೊಲದಲ್ಲಿ ಆಳಾಗಿ ದುಡಿದ ದಲಿತರಿಗೆ ಗೇಣಿದಾರರೆಂಬ ಹೆಸರೇ ಇರಲಿಲ್ಲ. ಮಾರುಕಟ್ಟೆ ಸಮಾಜದ ಒಡಲಲ್ಲೇ ಇರುತ್ತದೆ ಎಂದು ಆರ್ಥಿಕ ಇತಿಹಾಸಕಾರ ಕಾರ್ಲ್ ಪೊಲಾನ್ಯಿ 1944ರಲ್ಲಿ ವಾದಿಸಿದ್ದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ರಾಜಕೀಯವೂ ಕಣಕ್ಕೆ ಇಳಿಯುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ ಬೇಳೆಕಾಳುಗಳ ಆಮದಿಗಾಗಿ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತು. ಅದೇ ಹಂಗಾಮಿನಲ್ಲಿ ದೇಶದಲ್ಲಿ ತೊಗರಿ ಭರಪೂರ ಬೆಳೆದು, ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಇದ್ದ ಬೆಂಬಲ ಬೆಲೆಗಿಂತ ಪೇಟೆಯ ದರ ಕೆಳಗಿಳಿಯಿತು. ಬೆಂಬಲ ಬೆಲೆಯ ಖರೀದಿಗೆ ನೋಂದಣಿ, ಸರದಿ, ಹಣ ಜಮೆ ಎಲ್ಲಕ್ಕೂ ಕಾಯಬೇಕು. ಕಾಯಲಾಗದವನಿಗಾಗಿ ಮಾಡಿದ ಯೋಜನೆ ಕಾಯಬಲ್ಲವನನ್ನೇ ಮೊದಲು ತಲುಪುವುದು ನೋವಿನ ಸಂಗತಿ.

ಈ ಭಾಗದವರಿಗೆ ಉದ್ಯೋಗ ಮೀಸಲಾತಿಗೆ ಅವಕಾಶ ಕೊಡುವ ಸಂವಿಧಾನದ 371(ಜೆ) ವಿಧಿಯನ್ನೂ ಇದೇ ದೃಷ್ಟಿಯಿಂದ ಓದಬಹುದು. ಅದರ ಮೀಸಲಾತಿಯಲ್ಲಿ ಸಿಕ್ಕ ಒಂದು ನೌಕರಿಯ ಸಂಬಳ ಮನೆಯ ತೊಗರಿಯನ್ನು ಮೂರು ತಿಂಗಳು ಹಿಡಿದಿಡಬಲ್ಲದು. ಆದ್ದರಿಂದ ಮುಂದಿನ ಸಮೀಕ್ಷೆಗಳು ಎಷ್ಟು ಬೆಳೆದಿರಿ ಎಂದು ಕೇಳುವುದರ ಜೊತೆಗೆ ಯಾವ ತಿಂಗಳು ಮಾರಿದಿರಿ, ಆಗ ಯಾರಿಗೆ ಸಾಲಗಾರರಾಗಿದ್ದಿರಿ ಎಂದೂ ಕೇಳಬೇಕು.