ಹಿಡನ್ ಫೀಲ್ಡ್, ಬಚ್ಚಿಟ್ಟ ಪದಗಳು ಮತ್ತು ಸರ್ಚ್ ಎಂಜಿನ್‌ಗಳ ದಂಡನೆ

ಜಾಲಪುಟದ ಫಾರ್ಮಿನಲ್ಲಿದ್ದೂ ಬಳಕೆದಾರರ ಕಣ್ಣಿಗೆ ಬೀಳದ ಖಾನೆಯೇ ಹಿಡನ್ ಫೀಲ್ಡ್. ಹೆಸರು, ವಿಳಾಸ ತುಂಬುವ ಖಾನೆಗಳಂತೆ ಅದೂ ಪುಟದ ಕೋಡ್‌ನಲ್ಲಿರುತ್ತದೆ. ‘ಸಲ್ಲಿಸಿ’ ಗುಂಡಿ ಒತ್ತಿದಾಗ ಅದರೊಳಗಿನ ಮಾಹಿತಿಯೂ ಸರ್ವರ್ ತಲುಪುತ್ತದೆ. ಟಿಮ್ ಬರ್ನರ್ಸ್-ಲೀ ಮತ್ತು ಡ್ಯಾನ್ ಕಾನಲಿ ಬರೆದು 1995ರ ನವೆಂಬರ್‌ನಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 2.0 ನಿಯಮಾವಳಿಯಲ್ಲೇ ಅದಕ್ಕೆ ಸ್ಥಾನವಿತ್ತು.

ಅದರ ಅಗತ್ಯ ಹುಟ್ಟಿದ್ದು ವೆಬ್‌ನ ಒಂದು ಕೊರತೆಯಿಂದ. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮವಾದ ಎಚ್‌ಟಿಟಿಪಿಗೆ ನೆನಪಿಲ್ಲ; ಈಗ ಪುಟ ಕೇಳುತ್ತಿರುವವರೇ ಹಿಂದಿನ ಪುಟವನ್ನೂ ನೋಡಿದವರೆಂದು ಸರ್ವರ್‌ಗೆ ತಾನಾಗಿ ತಿಳಿಯದು. ಈ ತೊಡಕಿಗೆ ನೆಟ್‌ಸ್ಕೇಪ್‌ನ ಲೂ ಮಾಂಟುಲಿ 1994ರಲ್ಲಿ ಕುಕೀ ರೂಪಿಸಿದರು. ಆದರೂ ಗ್ರಾಹಕರು ಆರಿಸಿದ ವಸ್ತು, ಅದರ ಸಂಖ್ಯೆ, ಬೆಲೆಗಳನ್ನು ಪುಟದಿಂದ ಪುಟಕ್ಕೆ ದಾಟಿಸಲು ಅನೇಕ ಆನ್‌ಲೈನ್ ಅಂಗಡಿಗಳು ಹಿಡನ್ ಫೀಲ್ಡನ್ನೇ ನೆಚ್ಚಿದವು. ಪುಟದ ಸೋರ್ಸ್ ತೆರೆದರೆ ಆ ಖಾನೆಯನ್ನು ಯಾರು ಬೇಕಾದರೂ ಓದಬಹುದಿತ್ತು. ಪುಟವನ್ನು ಉಳಿಸಿಕೊಂಡು, ಬೆಲೆ ತಿದ್ದಿ, ಮರಳಿ ಕಳುಹಿಸಬಹುದಿತ್ತು. ಬಂದ ಬೆಲೆಯನ್ನು ಪರಿಶೀಲಿಸದೆ ಒಪ್ಪುವ ತಂತ್ರಾಂಶಗಳ ಬಗ್ಗೆ 2000ದ ಹೊತ್ತಿಗೆ ಭದ್ರತಾ ತಜ್ಞರು ಬಹಿರಂಗವಾಗಿ ಎಚ್ಚರಿಸಿದರು.

ಅದೇ ವರ್ಷಗಳಲ್ಲಿ ಬಚ್ಚಿಡುವ ಇನ್ನೊಂದು ಪರಿಪಾಠವೂ ಬೆಳೆಯಿತು. 1994ರಲ್ಲಿ ವೆಬ್‌ಕ್ರಾಲರ್ ಮತ್ತು ಲೈಕೋಸ್, 1995ರ ಡಿಸೆಂಬರ್‌ನಲ್ಲಿ ಆಲ್ಟಾವಿಸ್ಟಾ ಬಂದವು. ಪುಟದಲ್ಲಿ ಒಂದು ಪದ ಎಲ್ಲಿ, ಎಷ್ಟು ಸಲ ಬಂದಿದೆ ಎಂಬುದು ಆ ಕಾಲದ ಸರ್ಚ್ ಎಂಜಿನ್‌ಗಳಿಗೆ ದೊಡ್ಡ ಅಳತೆಯಾಗಿತ್ತು. ಹೀಗಾಗಿ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ, ಕಣ್ಣಿಗೆ ನಿಲುಕದಷ್ಟು ಸಣ್ಣ ಅಕ್ಷರ, ಮೆಟಾ ಟ್ಯಾಗ್‌ನಲ್ಲಿ ಉದ್ದುದ್ದ ಪದಪಟ್ಟಿ ಕಾಣಿಸಿಕೊಂಡವು. ಹಿಡನ್ ಫೀಲ್ಡ್‌ಗಳಲ್ಲಿ ಕೀವರ್ಡ್ ತುರುಕಿದವರೂ ಇದ್ದರು.

1998ರಲ್ಲಿ ಸ್ಥಾಪನೆಯಾದ ಗೂಗಲ್, ಪುಟಕ್ಕೆ ಹೊರಗಿನಿಂದ ಬರುವ ಲಿಂಕ್‌ಗಳಿಗೆ ಮಹತ್ವ ಕೊಟ್ಟಿತು. ಬಚ್ಚಿಟ್ಟ ಪದಗಳ ಬೆಲೆ ಕುಸಿಯಿತು. ಮೆಟಾ ಟ್ಯಾಗ್‌ನ ಕೀವರ್ಡ್‌ಗಳನ್ನು ಶ್ರೇಯಾಂಕಕ್ಕೆ ಪರಿಗಣಿಸುವುದಿಲ್ಲವೆಂದು ಅದು 2009ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ದಂಡನೆ ಎರಡು ಬಗೆಯಲ್ಲಿ ಬಂತು: ಅಲ್ಗಾರಿದಮ್ ತಾನೇ ಪುಟವನ್ನು ಕೆಳಗಿಳಿಸುವುದು ಒಂದು, ಸಿಬ್ಬಂದಿ ಪರಿಶೀಲಿಸಿ ಕ್ರಮ ಕೈಗೊಳ್ಳುವುದು ಇನ್ನೊಂದು. 2006ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯುವಿನ ಜರ್ಮನ್ ಜಾಲತಾಣವನ್ನೇ ಗೂಗಲ್ ಸೂಚಿಯಿಂದ ತೆಗೆಯಿತು. ಸರ್ಚ್ ಎಂಜಿನ್‌ಗೆ ಕೀವರ್ಡ್ ತುಂಬಿದ ಪುಟ ಸಿಗುತ್ತಿತ್ತು. ಭೇಟಿ ಕೊಟ್ಟವರನ್ನು ಜಾವಾಸ್ಕ್ರಿಪ್ಟ್ ಬೇರೆ ಪುಟಕ್ಕೆ ಒಯ್ಯುತ್ತಿತ್ತು. ಆ ಪುಟಗಳನ್ನು ತೆಗೆದ ಮೇಲೆ ಕೆಲವೇ ದಿನಗಳಲ್ಲಿ ಜಾಲತಾಣ ಮರಳಿ ಸೂಚಿ ಸೇರಿತು. 2013ರಿಂದ, ತಮ್ಮ ತಾಣದ ಮೇಲೆ ಇಂಥ ಕ್ರಮವಾಗಿದೆಯೇ ಎಂಬುದನ್ನು ಮಾಲೀಕರೇ ನೋಡುವ ವ್ಯವಸ್ಥೆ ಬಂತು.

ಬಚ್ಚಿಟ್ಟ ಪದಕ್ಕೆ ಶಿಕ್ಷೆಯಿದೆ ಎಂದಾದಾಗ, ಹಿಡನ್ ಫೀಲ್ಡ್‌ಗೂ ಅದು ತಗಲೀತೇ ಎಂಬ ಅಳುಕು ಪ್ರಾಮಾಣಿಕ ಡೆವಲಪರ್‌ಗಳನ್ನು ಕಾಡಿತು. 2002ರಲ್ಲಿ ಮೈಕ್ರೋಸಾಫ್ಟ್ ತಂದ ಎಎಸ್‌ಪಿ ಡಾಟ್ ನೆಟ್, ಪುಟದ ಸ್ಥಿತಿಯನ್ನು ‘ವ್ಯೂಸ್ಟೇಟ್’ ಎಂಬ ಹಿಡನ್ ಫೀಲ್ಡ್‌ನಲ್ಲಿಡುತ್ತಿತ್ತು. ದೊಡ್ಡ ಪುಟಗಳಲ್ಲಿ ಅದು ಸಾವಿರಾರು ಅಕ್ಷರಗಳಷ್ಟು ಬೆಳೆಯುತ್ತಿತ್ತು. ಅದರಿಂದ ಪುಟ ಭಾರವಾಗಿ ನಿಧಾನವಾಗುವುದು ನಿಜ. ಆದರೆ ಅದು ಓದಲೆಂದು ಬರೆದ ಪಠ್ಯವಲ್ಲ, ಫಾರ್ಮಿನ ಕೆಲಸಕ್ಕೆ ಬೇಕಾದ ಮಾಹಿತಿ; ಬಚ್ಚಿಟ್ಟ ಪಠ್ಯದ ನಿಯಮ ಅದನ್ನು ಉದ್ದೇಶಿಸಿದ್ದಲ್ಲ.

ಗೂಗಲ್‌ನ ನಿಯಮ ತಡೆಯುವುದು ಶ್ರೇಯಾಂಕಕ್ಕಾಗಿ ಮಾಡುವ ವಂಚನೆಯನ್ನು, ಮರೆಯಲ್ಲಿಡುವುದನ್ನಲ್ಲ. ಓದುಗರು ಒತ್ತಿದಾಗ ತೆರೆದುಕೊಳ್ಳುವ ಮಡಿಕೆಯೊಳಗಿನ ಪಠ್ಯಕ್ಕೂ ಮೊಬೈಲ್ ಪುಟಗಳಲ್ಲಿ ಪೂರ್ಣ ಮಾನ್ಯತೆಯಿದೆ ಎಂದು ಅದು 2016ರಲ್ಲಿ ತಿಳಿಸಿತು. ಬೇರೊಂದು ತಾಣದಿಂದ ಬಳಕೆದಾರರ ಹೆಸರಿನಲ್ಲಿ ಬರುವ ನಕಲಿ ಸಲ್ಲಿಕೆಯನ್ನು ತಡೆಯುವ ಟೋಕನ್ ಇಂದಿಗೂ ಹಿಡನ್ ಫೀಲ್ಡ್‌ನಲ್ಲೇ ಕೂರುತ್ತದೆ. ಮನುಷ್ಯರಿಗೆ ಕಾಣದ ಖಾಲಿ ಖಾನೆಯನ್ನಿಟ್ಟು, ಅದನ್ನು ತುಂಬಿದ ಸ್ಪ್ಯಾಮ್ ಬಾಟ್‌ಗಳನ್ನು ಗುರುತಿಸುವ ಉಪಾಯವೂ ರೂಢಿಯಲ್ಲಿದೆ. ಇಂಥ ಬಳಕೆಗೆ ಸರ್ಚ್ ಎಂಜಿನ್‌ಗಳ ಅಡ್ಡಿಯಿಲ್ಲ. ಓದುಗರಿಗೆ ಒಂದನ್ನು ತೋರಿಸಿ ಸರ್ಚ್ ಎಂಜಿನ್‌ಗೆ ಇನ್ನೊಂದನ್ನು ಉಣಿಸುವುದು ಮಾತ್ರ ಇಂದಿಗೂ ದಂಡನೆಗೆ ಗುರಿ.