ಹೊಳೆಯಿಲ್ಲದ ಊರಿನ ಮರಳು

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ಗಾಜಿನ ಬಾಟಲಿ ಇದೆ. ಒಳಗಿರುವುದು ಉಪ್ಪಿನಕಾಯಿಯಲ್ಲ, ಮರಳು. ಮನೆಗೆ ಬಂದ ಹೆಂಗಸರೆಲ್ಲ ಅದೇನೆಂದು ಕೇಳುತ್ತಾರೆ. ಅದರ ಕಥೆ ಹೇಳಬೇಕಾದರೆ ಅಜ್ಜಿಯ ಕಾಲದಿಂದ ಶುರುಮಾಡಬೇಕು.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿರುವ ನಮ್ಮ ತೆರಕಣಾಂಬಿಗೆ ಹಳೆಯ ದೇವಸ್ಥಾನಗಳಿವೆ, ಕೋಟೆಯ ಕುರುಹುಗಳಿವೆ. ಹೊಳೆ ಮಾತ್ರ ಇಲ್ಲ. ಅಜ್ಜಿಯ ಮನೆಯ ಗೋಡೆಗೆ ಕೆರೆಯ ಮಣ್ಣು, ನೆಲಕ್ಕೆ ಸಗಣಿ. ಉಳ್ಳವರ ಮನೆಗಷ್ಟೇ ಎತ್ತು ಕಟ್ಟಿ, ಕಲ್ಲಿನ ಗಾಲಿ ತಿರುಗಿಸಿ ಅರೆದ ಸುಣ್ಣದ ಗಾರೆ. ಬೇಕಾದ ಒಂದಿಷ್ಟು ಮರಳು ಮಳೆಗಾಲ ಕಳೆದ ಮೇಲೆ ಹಳ್ಳದಲ್ಲೇ ಸಿಗುತ್ತಿತ್ತಂತೆ. ಹೊತ್ತು ತರುತ್ತಿದ್ದವರು ಹೆಂಗಸರೇ.

ಮರಳೆಂದರೆ ಹೊಳೆಯದೇ ಆಗಬೇಕು ಎಂಬ ಹಟ ಆಗ ಯಾರಿಗೂ ಇರಲಿಲ್ಲ. ಬಡವರಿಗಷ್ಟೇ ಅಲ್ಲ, ಸರ್ಕಾರಕ್ಕೂ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಗೆ, ಕಾವೇರಿ ಪಕ್ಕದಲ್ಲೇ ಹರಿಯುತ್ತಿದ್ದರೂ, ಸುಣ್ಣದ ಜೊತೆ ಸುರ್ಕಿ ಬೆರೆಸಿದರು. ಸುಟ್ಟ ಜೇಡಿಮಣ್ಣನ್ನು ಕುಟ್ಟಿ ಮಾಡಿದ ಪುಡಿಯೇ ಸುರ್ಕಿ. ಅದು ಮರಳಿನ ಜಾಗವನ್ನೂ ತುಂಬುತ್ತದೆ, ಸುಣ್ಣವನ್ನು ನೀರಿನಲ್ಲೂ ಗಟ್ಟಿಯಾಗಿಸುತ್ತದೆ. ನನ್ನ ತರಗತಿಯ ಮಕ್ಕಳು ವಿಶ್ವೇಶ್ವರಯ್ಯನವರ ಹೆಸರನ್ನು ಥಟ್ಟನೆ ಹೇಳುತ್ತಾರೆ. ಕಟ್ಟೆ ಯಾವುದರಿಂದ ನಿಂತಿದೆ ಎಂದರೆ ಮಿಕಿಮಿಕಿ ನೋಡುತ್ತಾರೆ.

ಆಮೇಲೆ ಸಿಮೆಂಟು ಬಂತು, ತಾರಸಿ ಮನೆಯ ಆಸೆ ಬಂತು. ನಾನು ಚಿಕ್ಕವಳಿದ್ದಾಗ ಟಿ. ನರಸೀಪುರದ ಕಡೆಯಿಂದ ಲಾರಿಯಲ್ಲಿ ಮರಳು ಬಂದು ಬಿದ್ದರೆ ಬೀದಿಯ ಮಕ್ಕಳಿಗೆಲ್ಲ ಹಬ್ಬ. ಹೊಳೆಯ ಮರಳು ಮುಗಿಯುವ ವಸ್ತು ಎಂದು ಯಾರೂ ಅಂದುಕೊಂಡಿರಲಿಲ್ಲ. ಹೊಳೆಯ ಪಾತ್ರದ ಮರಳು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಬಗೆದರೆ ದಡದ ಬಾವಿಗಳ ನೀರು ಇಳಿಯುತ್ತದೆ. ಆಗ ಕೊಡ ಹೊತ್ತು ದೂರ ನಡೆಯುವವರು ಯಾರೆಂದು ನಾನು ಹೇಳಬೇಕಾಗಿಲ್ಲ. ಐದು ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಗೂ ಪರಿಸರ ಇಲಾಖೆಯ ಒಪ್ಪಿಗೆ ಬೇಕೆಂದು ಸುಪ್ರೀಂ ಕೋರ್ಟು ಹೇಳುವ ಹೊತ್ತಿಗೆ 2012 ಆಗಿತ್ತು.

ಅದಕ್ಕೂ ಮೊದಲೇ ಸಾಲ ಮಾಡಿ ನಾವು ಮನೆ ಕಟ್ಟಿಸಿದ್ದೆವು. ಹೊಳೆ ಮರಳೆಂದೇ ದುಡ್ಡು ಕೊಟ್ಟೆವು. ಎರಡೇ ವರ್ಷಕ್ಕೆ ಹಜಾರದ ಗಿಲಾವು ಬಿರುಕು ಬಿಟ್ಟು ಹೊಟ್ಟಿನಂತೆ ಉದುರತೊಡಗಿತು. ಗೋಡೆ ಕೆರೆದು ನೋಡಿದ ಮುದುಕ ಮೇಸ್ತ್ರಿ, "ಇದು ಹೊಳೆ ಮಳ್ಳಲ್ಲ ಕನಿ ಮೇಡಮ್ಮ, ತೊಳ್ದ ಮಣ್ಣು" ಎಂದ. ಕೆರೆ, ಹೊಲಗಳ ಮಣ್ಣನ್ನು ತೊಳೆದು ತೆಗೆಯುವ ಇದಕ್ಕೆ ಫಿಲ್ಟರ್ ಮರಳು ಎನ್ನುತ್ತಾರೆ. ಜೇಡಿ ಪೂರ್ತಿ ಹೋಗಿರುವುದಿಲ್ಲ. ಅದು ಕಾಳಿನ ಸುತ್ತ ಅಂಟಿಕೊಂಡರೆ ಸಿಮೆಂಟಿಗೆ ಹಿಡಿತ ಸಿಗದು. ಬಿಎಡ್ ಮಾಡಿದವಳಿಗೆ ಒಂದು ಬಾಟಲಿಯ ಪರೀಕ್ಷೆ ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅರ್ಧ ಬಾಟಲಿ ಮರಳಿಗೆ ಉಪ್ಪುನೀರು ಹಾಕಿ, ಚೆನ್ನಾಗಿ ಕುಲುಕಿ ಮೂರು ಗಂಟೆ ಅಲುಗಿಸದೆ ಇಡಿ. ಮೇಲೆ ಕೂರುವ ಮಣ್ಣಿನ ಪದರ ನೂರಕ್ಕೆ 8 ಪಾಲು ದಾಟಿದರೆ ಲಾರಿಯನ್ನು ಹಿಂದಕ್ಕೆ ಕಳಿಸಿ.

ಕಳೆದ ವರ್ಷ ಮಹಡಿಯ ಮೇಲೆ ಒಂದು ಕೋಣೆ ಎಬ್ಬಿಸಿದೆವು, ಈ ಸಲ ಎಂ-ಸ್ಯಾಂಡಿನಲ್ಲಿ. ಜಲ್ಲಿ ಒಡೆಯುವಾಗ ಉದುರುವ ಕ್ರಷರ್ ಪುಡಿಯನ್ನೇ ಇದೆಂದು ಮಾರುವವರಿದ್ದಾರೆ, ಎಚ್ಚರ. ಕಲ್ಲಿಗೆ ಕಲ್ಲು ಬಡಿಸುವ ಯಂತ್ರದಲ್ಲಿ ಚಪ್ಪಟೆ ಚೂರುಗಳಿಗೆ ಆಕಾರ ಕೊಟ್ಟು, ಹೆಚ್ಚಿನ ಧೂಳು ತೆಗೆದದ್ದು ಎಂ-ಸ್ಯಾಂಡ್. 2016ರ ಭಾರತೀಯ ಮಾನಕದಲ್ಲಿ ನುಣ್ಣನೆಯ ಧೂಳು ಹೊಳೆ ಮರಳಿಗೆ ತೂಕದಲ್ಲಿ ನೂರಕ್ಕೆ 3 ಪಾಲು, ಒಡೆದ ಕಲ್ಲಿನ ಮರಳಿಗೆ 15 ಪಾಲಿನವರೆಗೂ ಇರಬಹುದು. ಕಲ್ಲಿನ ಹಿಟ್ಟು ಜೇಡಿಯಲ್ಲವಲ್ಲ! ನೀರು ಮಾತ್ರ ತುಸು ಹೆಚ್ಚು ಕುಡಿಯುತ್ತದೆ.

ಇದರಿಂದ ಹೊಳೆಗೆ ನೆಮ್ಮದಿ ನಿಜ, ಬೆಟ್ಟಕ್ಕಲ್ಲ. 2022ರ ಮಾರ್ಚಿನಲ್ಲಿ ಇಲ್ಲೇ ಗುಂಡ್ಲುಪೇಟೆ ಬಳಿಯ ಮಡಹಳ್ಳಿ ಕಲ್ಲುಕ್ವಾರಿ ಕುಸಿದು, ಹೊಟ್ಟೆಪಾಡಿಗೆ ದೂರದಿಂದ ಬಂದಿದ್ದ ಕೂಲಿಕಾರರು ಸತ್ತರು. ಮಹಡಿಯ ಕೋಣೆಗೆ ಹೋದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಗಿಲಾವಿನ ದಿನ ಜರಡಿ ಹಿಡಿದಿದ್ದ ಹೆಣ್ಣುಮಗಳು ಅಂಗೈ ತೋರಿಸಿದಳು, ಕೆಂಪಗೆ ತರಚಿತ್ತು. "ಹೊಳೆ ಮಳ್ಳು ನುಣ್ಣಗಿರ್ತಿತ್ತು ಕನಿ, ಇದು ಕುಯ್ತದೆ" ಎಂದಳು. ಪೇಟೆಯಿಂದ ರಬ್ಬರಿನ ಕೈಗವಸು ತಂದುಕೊಟ್ಟೆ. ಮಾರನೆಯ ದಿನ ಬರಿಗೈಯಲ್ಲೇ ಜಾಲಿಸುತ್ತಿದ್ದಳು. ಕೈಗವಸು ಎಲ್ಲಿ ಎಂದರೆ, ಕ್ರಷರಿನಲ್ಲಿ ಕೆಲಸ ಮಾಡುವ ತಮ್ಮನಿಗೆ ಕೊಟ್ಟೆ ಎಂದಳು.